ಬೆಳಿಗ್ಗೆ ಕೂಗು, ಮಧ್ಯಾಹ್ನ ಬಿಸಿ

ನಮ್ಮ ಮನೆಯ ಟ್ರ್ಯಾಕ್ಟರಿಗೆ ಬೆಳಿಗ್ಗೆ ಒಂದು ಕಾಯಿಲೆ, ಮಧ್ಯಾಹ್ನ ಇನ್ನೊಂದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೀಟಿನ ಕೆಳಗಿನಿಂದ ನಾಯಿಮರಿ ಕುಂಯ್‌ಗುಟ್ಟಿದಂತೆ ಒಂದು ಕೂಗು ಬರುತ್ತಿತ್ತು. ಹೊತ್ತು ನೆತ್ತಿಗೇರುವಷ್ಟರಲ್ಲಿ ಕೂಗು ತಗ್ಗಿ, ಅದೇ ಜಾಗ ಕೈಯಿಡಲಾಗದಷ್ಟು ಕಾದಿರುತ್ತಿತ್ತು. ಆಮೇಲೆ ಹಿಂದೆ ಕಟ್ಟಿದ ನೇಗಿಲು ಮೇಲೇಳಲು ಹಟ ಹಿಡಿಯುತ್ತಿತ್ತು. ಕೂಗಿಗೆ ಯಾರಾದರೂ ಕಾರಣ ಹೇಳಿದರೆ ಅದು ಬಿಸಿಗೆ ಹೊಂದುತ್ತಿರಲಿಲ್ಲ. ಬಿಸಿಗೆ ಕಾರಣ ಹೇಳಿದವರನ್ನು ಕೂಗಿನ ಬಗ್ಗೆ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಏನೂ ಅರ್ಥವಾಗಿರಲಿಲ್ಲ, ಆದರೆ ಎಲ್ಲರೂ ಎಲ್ಲ ಬಲ್ಲವರಂತೆ ಮಾತಾಡುತ್ತಿದ್ದರು. ಆ ಮಾತುಗಳ ನಡುವೆ ಸಿಕ್ಕಿಕೊಂಡಿದ್ದವನು ನನ್ನ ತಮ್ಮ. ಆ ಗಾಡಿಯ ಡ್ರೈವರು ಅವನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸೊಸೆಯಾಗಿ ಬಂದ ಊರು ಅಜ್ಜಂಪುರದಿಂದ ಒಂದೆರಡು ಹರದಾರಿ ಒಳಗೆ. ಎರೆಭೂಮಿ. ಹತ್ತಿ, ಬಿಳಿಜೋಳ, ಹಿಂಗಾರಿಗೆ ಕಡಲೆ. ಮಳೆ ಬಿದ್ದು ಎರಡು ದಿನಕ್ಕೆ ನೆಲ ಹದಕ್ಕೆ ಬರುತ್ತದೆ. ಇನ್ನು ನಾಲ್ಕು ದಿನ ಮೈಮರೆತರೆ ಅದೇ ನೆಲ ಕಲ್ಲಾಗುತ್ತದೆ. ಎತ್ತು ಹೂಡಿ ಆ ಹದವನ್ನು ಹಿಡಿಯುವುದು ಆಗದ ಮಾತು ಎಂದು ನಮ್ಮ ಮನೆಯವರೂ ಅವರ ಅಣ್ಣನೂ ಸೇರಿ ಟ್ರ್ಯಾಕ್ಟರ್ ತಂದಿದ್ದರು. ಸುತ್ತಲಿನ ನಾಲ್ಕು ಹಳ್ಳಿಗೆ ಅದೊಂದೇ. ಓಡಿಸಲು ಬರುವವರು ಯಾರೂ ಇರಲಿಲ್ಲ. ನನ್ನ ತವರು ಪಂಚನಹಳ್ಳಿ ಕಡೆ, ನನ್ನ ತಮ್ಮ ಅಲ್ಲಿ ತೆಂಗಿನಕಾಯಿ ಲಾರಿಯಲ್ಲಿ ಕೂತು ಸ್ಟೀರಿಂಗ್ ಹಿಡಿಯುವುದನ್ನು ಕಲಿತಿದ್ದ. "ನಿನ್ನ ತಮ್ಮನ್ನೇ ಕರೆಸಾಣ ಬಿಡೇ" ಎಂದು ನಮ್ಮ ಮನೆಯವರು ಅಂದಾಗ ನಾನು ಹಿಗ್ಗಿದ್ದೇನೋ ನಿಜ. ಆದರೆ ಅಕ್ಕನ ಗಂಡನ ಮನೆಯಲ್ಲಿ ತಮ್ಮ ಕೆಲಸಕ್ಕಿರುವುದು ಎಂಥ ಸೂಕ್ಷ್ಮ ಎಂದು ಆಗ ಹೊಳೆಯಲಿಲ್ಲ. ಅವನು ಮುದ್ದೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡರೂ ಯಾರಾದರೂ ನೋಡುತ್ತಿದ್ದಾರೇನೋ ಎಂದು ನಾನು ನೋಡುತ್ತಿದ್ದೆ.

ಮನೆಯ ಯಜಮಾನಿಕೆ ಭಾವನವರದ್ದು, ಅಂದರೆ ನಮ್ಮ ಮನೆಯವರ ಅಣ್ಣನದು. ಒಳ್ಳೆಯ ಮನುಷ್ಯ, ಮೂಗಿನ ತುದಿಯಲ್ಲಿ ಕೋಪ. ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಜೊತೆ ನೇರ ಮಾತಾಡುವ ಪದ್ಧತಿ ಇಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗಬೇಕು. ಹೇಳುವುದೇನಾದರೂ ಇದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅವರು ಎರಡು ಮಾರು ದೂರದಲ್ಲೇ ಕೂತು ಕೇಳಿಸಿಕೊಂಡಿದ್ದರೂ ಅಷ್ಟೇ. ಒಂಬತ್ತು ವರ್ಷ ಒಂದೇ ಸೂರಿನ ಕೆಳಗಿದ್ದು ನಾವಿಬ್ಬರೂ ಒಂದು ಮಾತಾಡಿರಲಿಲ್ಲ. ಇದರಲ್ಲಿ ನನಗೆ ಕಷ್ಟವೇನೂ ಅನ್ನಿಸಿರಲಿಲ್ಲ. ಅವರ ಕೋಪ ನೋಡಿದರೆ ಅದೇ ಒಳ್ಳೆಯದು ಅನ್ನಿಸುತ್ತಿತ್ತು.

ಗಾಡಿ ಬಂದು ಮೂರನೆಯ ವರ್ಷಕ್ಕೆ ನೇಗಿಲನ್ನು ಎತ್ತುವ ಪಂಪು ಸವೆದುಹೋಯಿತು. ಸೀಟಿನ ಕೆಳಗೆ ಒಂದು ಎಣ್ಣೆಯ ತೊಟ್ಟಿ ಇರುತ್ತದೆ. ಅದರಿಂದ ಪಂಪು ಎಣ್ಣೆಯನ್ನು ಎಳೆದು, ಒತ್ತಿ, ಹಿಂದಿನ ಎರಡು ತೋಳುಗಳನ್ನು ಮೇಲೆತ್ತಿಸುತ್ತದೆ. ಅದಕ್ಕೆ ಹೈಡ್ರಾಲಿಕ್ ಎನ್ನುತ್ತಾರೆ. ಕಡೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಹೊಸ ಪಂಪು ಕೂರಿಸಿದ. ಹೊರಡುವಾಗ, ನಾನು ಕೊಟ್ಟ ಕಾಫಿ ಕುಡಿಯುತ್ತ, "ಧೂಳು ಕಣ್ರೀ, ಧೂಳೇ ಇದಕ್ಕೆ ಯಮ. ಎಣ್ಣೇಲಿ ಒಂದು ಹರಳು ಹೋದ್ರೂ ಪಂಪು ಮುಗೀತು. ಸ್ವಚ್ಛ ಇಟ್ಕಳಿ" ಎಂದು ಮೂರು ಸಲ ಹೇಳಿದ. ಗಂಡಸರೆಲ್ಲ ತಲೆಯಾಡಿಸಿದರು. ಮನಸ್ಸಿಗೆ ಹಾಕಿಕೊಂಡವಳು ನಾನೊಬ್ಬಳೇ.

ಯಾಕೆಂದರೆ ಸ್ವಚ್ಛ ಅನ್ನುವ ಮಾತು ನನ್ನ ವಿಷಯ. ನಮ್ಮ ತವರಿನಲ್ಲಿ ಸೋಸದ ನೀರು ಕುಡಿದರೆ ಅಜ್ಜಿ ಬಾಯಿ ತೊಳೆಸುತ್ತಿದ್ದಳು. ಕೊಡದ ಬಾಯಿಗೆ ಬಟ್ಟೆ, ನಲ್ಲಿಯ ಬಾಯಿಗೆ ಬಟ್ಟೆಯ ಚೀಲ, ಹಾಲಿಗೆ ಒಂದು ಬಟ್ಟೆ, ಎಣ್ಣೆಗೆ ಒಂದು ಬಟ್ಟೆ. ಒಂದರ ಬಟ್ಟೆ ಇನ್ನೊಂದಕ್ಕೆ ಬಂದರೆ ಮನೆಯಲ್ಲಿ ರಂಪ. ಮಠದಿಂದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಅಜ್ಜಿ ಅವರ ಎದುರೇ ನೀರನ್ನು ಎರಡು ಸಲ ಸೋಸಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಂಡನ ಮನೆಗೂ ಆ ಪದ್ಧತಿಯನ್ನು ತಂದೆ. ಭಾವನವರ ಹಳೆಯ ಪಂಚೆಗಳು ನೂರು ಒಗೆತ ಕಂಡು ಮೆತ್ತಗಾಗಿರುತ್ತಿದ್ದವು. ಸೋಸಲು ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಹರಿದದ್ದು ಒಳಗೆ ಬಂದರೆ ನಾನು ಕತ್ತರಿಸಿ, ಅಂಚು ಮಡಿಸಿ, ಕೆಂಪು ದಾರದಲ್ಲಿ ಹೊಲಿದು ಇಡುತ್ತಿದ್ದೆ. ಕೆಂಪು ದಾರ ಯಾಕೆಂದರೆ ಅದು ಸೋಸುವ ಬಟ್ಟೆ, ಮಸಿಬಟ್ಟೆ ಅಲ್ಲ ಎಂದು ಗುರುತಿರಲಿ ಅಂತ.

ಮಾರನೆಯ ದಿನ ತಮ್ಮ ಆ ಎಣ್ಣೆ ತೊಟ್ಟಿಯ ಪಕ್ಕದ ಮುಚ್ಚಳ ಬಿಚ್ಚಿ ಒಳಗಿನಿಂದ ಒಂದು ತಂತಿಯ ಜಾಲರಿ ತೆಗೆದ. ಗೇಣುದ್ದ, ಒನಕೆಯ ತುದಿಯಷ್ಟು ದಪ್ಪ. ಪಂಪು ಇದರ ಮೂಲಕವೇ ಎಣ್ಣೆ ಎಳೆಯುವುದು ಎಂದು ತೋರಿಸಿದ. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ.

"ಲೇ, ಇದರಾಗೆ ಸಾಸಿವೆಕಾಳು ದಾಟ್ಹೋಗುತ್ತೆ ಕಣೋ. ಧೂಳು ಎಲ್ಲಿ ನಿಲ್ಲುತ್ತೆ?"

"ಕಂಪ್ನಿಯೋರು ಹಂಗೇ ಮಾಡವ್ರಲ್ಲಕ್ಕ."

"ಕಂಪ್ನಿಯೋರು ನಮ್ಮ ಎರೆಹೊಲದ ಧೂಳು ನೋಡಿದಾರಾ?"

ಅವನಿಗೂ ಅದು ಸರಿ ಅನ್ನಿಸಿತು. ನನ್ನ ಮಾತು ಅವನಿಗೆ ಯಾವಾಗಲೂ ಸರಿ ಅನ್ನಿಸುತ್ತಿತ್ತು. ಚಿಕ್ಕವನಿದ್ದಾಗ ಅವ್ವ ಹೊಲಕ್ಕೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಪಂಚೆಯ ತುಂಡನ್ನು ಎರಡು ಪದರ ಮಾಡಿ ಆ ಜಾಲರಿಯ ಅಳತೆಗೆ ಚೀಲ ಹೊಲಿದೆ, ಬಾಯಿಗೆ ಲಾಡಿಯನ್ನೂ ಹಾಕಿದೆ. ಅವನು ತೊಡಿಸಿ, ಲಾಡಿ ಬಿಗಿದು, ಒಳಗಿಟ್ಟು ಮುಚ್ಚಳ ಹಾಕಿದ. ಎಣ್ಣೆ ಸೋರದಂತೆ ಮುಚ್ಚಳದ ಅಡಿಗೆ ಇಡಲು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕತ್ತರಿಸಿದ. ಇದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟದ್ದೇನಲ್ಲ. ಹಾಲು ಸೋಸಿದೆ ಎಂದು ಯಾರಾದರೂ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ಒಂದೆರಡು ತಿಂಗಳು ಗಾಡಿ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಆ ಕೂಗು ಶುರುವಾಯಿತು. ವಾರದಲ್ಲಿ ಬಿಸಿಯೂ ಸೇರಿಕೊಂಡಿತು.

ನಮ್ಮ ಮನೆಯವರು ತಮ್ಮನನ್ನು ಕರೆದುಕೊಂಡು ಕಡೂರಿಗೆ ಹೋದರು. ಮೆಕ್ಯಾನಿಕ್ ಎಲ್ಲ ಕೇಳಿ, "ಬೆಳಿಗ್ಗೆ ಕೂಗ್ತೈತೆ ಅಂದ್ರೆ ಎಣ್ಣೆ ಮಂದ ಆಗೈತೆ. ತೆಳು ಎಣ್ಣೆ ಹಾಕ್ಸಿ" ಅಂದ. "ಜಾಲರಿ ತೊಳೆದಿದ್ದೀಯೇನಪ್ಪಾ?" ಎಂದೂ ಕೇಳಿದನಂತೆ. "ಎಣ್ಣೆ ಬದಲಾಯಿಸಿದಾಗೆಲ್ಲ ತೊಳೀತೀನಣ್ಣ" ಎಂದು ತಮ್ಮ ಹೇಳಿದ. ಅದು ಸುಳ್ಳಲ್ಲ. ಡಬ್ಬದಲ್ಲಿ ತೆಳು ಎಣ್ಣೆ ಬಂತು. ತಮ್ಮ ಅಂಗಳದಲ್ಲೇ ಹಳೆಯದನ್ನು ಇಳಿಸಿ, ಜಾಲರಿ ಬಿಚ್ಚಿ, ಚೀಲವನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಸೋಪು ಹಚ್ಚಿ, ಬಂಡೆಗೆ ಕುಕ್ಕಿ, ಬಿಸಿಲಿಗೆ ಹಾಕಿದೆ. ಅದರಿಂದ ಹೊರಟ ಕಪ್ಪು ನೀರು ನೋಡಿ, ಇಷ್ಟೂ ಕೊಳೆ ಪಂಪಿಗೆ ಹೋಗುತ್ತಿತ್ತಲ್ಲ ಶಿವನೇ ಎಂದು ಹೆಮ್ಮೆ ಪಟ್ಟೆ. ಒಣಗಿದ ಮೇಲೆ ಮತ್ತೆ ತೊಡಿಸಿದೆವು. ಗಾಡಿ ಮೆತ್ತಗೆ ನಡೆಯಿತು, ನೇಗಿಲು ಹೂವಿನಂತೆ ಎದ್ದಿತು. ಕಡೂರಿನವನು ಜಾಣ ಎಂದು ಎಲ್ಲರೂ ಒಪ್ಪಿದರು.

ಹದಿನೈದು ದಿನ. ಮತ್ತೆ ಅದೇ ಕೂಗು, ಅದೇ ಬಿಸಿ.

ಈ ಸಲ ತರೀಕೆರೆ. ಅಲ್ಲಿಯ ಮೆಕ್ಯಾನಿಕ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ, "ಯಾರ್ರೀ ಈ ನೀರು ಹಾಕ್ಸಿದ್ದು? ತೆಳು ಎಣ್ಣೆ ಬಿಸಿಗೆ ಇನ್ನೂ ತೆಳುವಾಗಿ ಪಂಪಿನ ಸಂದೀಲೇ ಜಾರ್ಹೋಗ್ತದೆ. ಅದಕ್ಕೇ ನೇಗಿಲು ಏಳಲ್ಲ. ಗಟ್ಟಿ ಎಣ್ಣೆ ಹಾಕಿ" ಎಂದ. ಗಟ್ಟಿ ಎಣ್ಣೆ ಬಂತು. ತಮ್ಮ ಜಾಲರಿ ಬಿಚ್ಚಿದ, ನಾನು ಚೀಲ ಒಗೆದೆ. ಗಾಡಿ ನೆಟ್ಟಗಾಯಿತು. ಕಡೂರಿನವನು ದಡ್ಡ, ತರೀಕೆರೆಯವನು ಜಾಣ ಎಂದಾಯಿತು. ಹತ್ತು ದಿನಕ್ಕೆ ಅವನೂ ದಡ್ಡನಾದ.

ಆಮೇಲೆ ನಮ್ಮ ಅತ್ತೆ, ಗಾಡಿಗೆ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಕಟ್ಟುವ ಹಿಂದಿನ ದಿನ ತಮ್ಮ, ಗಾಡಿ ಶುದ್ಧವಾಗಿರಲಿ ಎಂದು ಎಲ್ಲ ಬಿಚ್ಚಿ ತೊಳೆದಿದ್ದ. ಚೀಲವನ್ನೂ ಸೇರಿಸಿ. ನಿಂಬೆಹಣ್ಣೂ ಎಂಟು ದಿನ ಕೆಲಸ ಮಾಡಿತು. ಅತ್ತೆಯ ಬಾಯಿ ಹಿಡಿಯುವವರಿರಲಿಲ್ಲ.

ನನಗೆ ಮಾತ್ರ ತಲೆ ಕೆಟ್ಟುಹೋಯಿತು. ತೆಳು ಎಣ್ಣೆಯೂ ಸರಿ, ಗಟ್ಟಿ ಎಣ್ಣೆಯೂ ಸರಿ, ನಿಂಬೆಹಣ್ಣೂ ಸರಿ, ಆದರೆ ಯಾವುದೂ ಉಳಿಯುವುದಿಲ್ಲ ಅಂದರೆ ಏನು? ಸುಳ್ಳು ಹೇಳುತ್ತಿರುವವರು ಯಾರು? ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತ ಇದನ್ನೇ ಯೋಚಿಸಿ ಎಷ್ಟು ರೊಟ್ಟಿ ಸೀದು ಹೋದವೋ. ಉತ್ತರ ನನ್ನ ಕೈಯಲ್ಲೇ, ಬಟ್ಟೆ ಒಗೆಯುವ ಬಂಡೆಯ ಮೇಲೇ ಇತ್ತು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಭಾವನವರು ಮಾತ್ರ ಗೊಂದಲಕ್ಕೆ ಬೀಳಲಿಲ್ಲ. ಅವರಿಗೆ ಉತ್ತರ ಸಿಕ್ಕಿತ್ತು. ಬೀರೂರು ಸಂತೆಯಲ್ಲಿ ಯಾರೋ ಹೇಳಿದ್ದರಂತೆ: ಡ್ರೈವರು ಲಿಫ್ಟಿನ ಲಿವರನ್ನು ಪೂರ್ತಿ ಮೇಲೆ ಎಳೆದು ಹಾಗೇ ಬಿಟ್ಟರೆ ಎಣ್ಣೆ ಹೋಗಲು ದಾರಿಯಿಲ್ಲದೆ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ, ಪಂಪು ಕೂಗುತ್ತದೆ. ಇದು ಸುಳ್ಳಲ್ಲ ಎಂದು ಆಮೇಲೆ ತಿಳಿಯಿತು, ಹಾಗೂ ಆಗುವುದುಂಟು. ಒಂದು ಸಂಜೆ ಪಡಸಾಲೆಯಲ್ಲಿ ಕೂತು ನಮ್ಮ ಮನೆಯವರಿಗೆ ಅಂದರು:

"ನಿನ್ನ ಬಾಮೈದ ಲಿವರ್ ಎತ್ತಿ ಮರೆತು ಬೀಡಿ ಸೇದ್ತಾ ಕುಂತಿರ್ತಾನೆ. ಎಣ್ಣೆ ಬದಲಾಯಿಸಿದಾಗೆಲ್ಲ ಭಯಕ್ಕೆ ಎರಡು ದಿನ ನೆಟ್ಟಗೆ ಓಡಿಸ್ತಾನೆ, ಆಮೇಲೆ ಹಳೇ ಚಾಳಿ. ಅದಕ್ಕೇ ಸರಿಹೋದಂಗೆ ಆಗಿ ಕೆಡ್ತಾ ಇರೋದು."

ನಾನು ಬಾಗಿಲ ಹಿಂದೆ ನಿಂತಿದ್ದೆ. ತಮ್ಮ ಅಂಗಳದಲ್ಲಿ ನಿಂತಿದ್ದ. "ಇಲ್ಲ ದೊಡ್ಡಭಾವ, ನಾನು ಬೀಡೀನೇ ಸೇದಲ್ಲ" ಅಂದ. ಅದೊಂದನ್ನೇ ಯಾಕೆ ಹೇಳಿದನೋ! ಲಿವರಿನ ವಿಷಯ ಬಿಟ್ಟು ಬೀಡಿಯ ವಿಷಯಕ್ಕೆ ಉತ್ತರ ಕೊಟ್ಟ. ಭಾವನವರು, "ಮುಂಗಾರು ಬೀಳೋದ್ರೊಳಗೆ ಇದು ಸರಿಹೋಗದಿದ್ರೆ ಬೇರೆ ಡ್ರೈವರ್ ನೋಡ್ತೀನಿ" ಎಂದು ಎದ್ದುಹೋದರು.

ಅದರ ಅರ್ಥ ನನಗೆ ಗೊತ್ತಿತ್ತು. ಆ ಕಾಲದಲ್ಲಿ ಟ್ರ್ಯಾಕ್ಟರುಗಳೇ ಬೆರಳೆಣಿಕೆ. ಅಕ್ಕನ ಮನೆಯ ಗಾಡಿಯನ್ನೇ ಕೆಡಿಸಿದ ಎಂಬ ಮಾತು ಬಿದ್ದರೆ ಪಂಚನಹಳ್ಳಿಯಿಂದ ತರೀಕೆರೆವರೆಗೆ ಯಾರೂ ಅವನ ಕೈಗೆ ಸ್ಟೀರಿಂಗ್ ಕೊಡುತ್ತಿರಲಿಲ್ಲ. ಹೆಣ್ಣು ಕೊಡುವುದಂತೂ ಆಮೇಲಿನ ಮಾತು. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಭಾವನವರ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು, ಇದನ್ನು ಮುಚ್ಚಿಡುವುದಿಲ್ಲ. ಎಲ್ಲ ಕಾರಣಗಳಲ್ಲಿ ಅದೊಂದೇ ಎಲ್ಲದಕ್ಕೂ ಹೊಂದುತ್ತಿತ್ತು. ಸರಿಹೋಗುವುದಕ್ಕೂ, ಕೆಡುವುದಕ್ಕೂ. ಮಾರನೆಯ ಬೆಳಿಗ್ಗೆ ತಮ್ಮ ಅಂಬಲಿ ಕುಡಿಯಲು ಹಿತ್ತಿಲಿಗೆ ಬಂದಾಗ ಕೇಳಿಯೇಬಿಟ್ಟೆ.

"ನಿಜ ಹೇಳೋ. ಲಿವರ್ ಎತ್ತಿ ಹಂಗೇ ಬಿಡ್ತೀಯೇನೋ?"

ಅವನು ಲೋಟ ಕೆಳಗಿಟ್ಟ. ನನ್ನನ್ನೇ ನೋಡಿದ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಿರಲಿಲ್ಲ. "ಇಲ್ಲಕ್ಕ" ಎಂದು ಎದ್ದು ಹೋದ. ಲೋಟದಲ್ಲಿ ಅರ್ಧ ಅಂಬಲಿ ಹಾಗೇ ಇತ್ತು.

ಮುಂಗಾರು ಬಿತ್ತು. ಉಳುಮೆಯ ಎರಡನೆಯ ದಿನ ನೇಗಿಲು ನಡು ಸಾಲಿನಲ್ಲಿ ಮೇಲೇಳದೆ ನಿಂತಿತು. ಭಾವನವರು ಹೊಲದಲ್ಲೇ, ಆಳುಗಳ ಎದುರೇ, ತಮ್ಮನನ್ನು ಗಾಡಿಯಿಂದ ಇಳಿಸಿದರು. ಅವನು ಸಂಜೆ ಮನೆಗೆ ಬಂದು ಬಟ್ಟೆಯ ಗಂಟು ಕಟ್ಟಿಕೊಂಡು ಅಜ್ಜಂಪುರಕ್ಕೆ ನಡೆದ, ಬಸ್ಸು ಹಿಡಿಯಲು. ಬಾಗಿಲಲ್ಲಿ ನಿಂತು, "ಬತ್ತೀನಕ್ಕ" ಅಂದ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದೇ ನನಗೆ ತೀರ್ಮಾನವಾಗಿರಲಿಲ್ಲ. ಸ್ವಂತ ತಮ್ಮನ ಬಗ್ಗೆ ಅಕ್ಕನಿಗೆ ತೀರ್ಮಾನವಾಗದೆ ಹೋಯಿತಲ್ಲ, ಅದಕ್ಕಿಂತ ದೊಡ್ಡ ತಪ್ಪು ಯಾವುದಿದೆ?

ಹೊಸ ಡ್ರೈವರು ಬಂದ. ತರೀಕೆರೆ ಮೆಕ್ಯಾನಿಕ್ ಮತ್ತೆ ಎಣ್ಣೆ ಬದಲಾಯಿಸಿ ಅಂದ, ಹೊಸ ಡ್ರೈವರು ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿ ಮೇಲಿನಿಂದ ಹೊಸದನ್ನು ಸುರಿದ. ಪಕ್ಕದ ಮುಚ್ಚಳ ಬಿಚ್ಚುವ ಉಸಾಬರಿಗೆ ಹೋಗಲಿಲ್ಲ. ಈ ಸಲ ಎಂಟು ದಿನವೂ ಇಲ್ಲ, ಒಂದು ದಿನವೂ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಾಟ, ಗಂಟೆಯೊಳಗೆ ಕೆಂಡ. ಎಣ್ಣೆ ತೊಟ್ಟಿಯ ಉಸಿರಿನ ತೂತಿನಿಂದ ನೊರೆ ಬರಲು ಶುರುವಾಯಿತು. ಎರೆಹೊಲ ಹದ ಕಳೆದುಕೊಳ್ಳುತ್ತಿತ್ತು. ಭಾವನವರ ಬಾಯಲ್ಲಿ ಈಗ ಬೇರೆಯೇ ಮಾತು. "ಹೋಗುವಾಗ ಏನೋ ಮಾಡಿ ಹೋಗವ್ನೆ. ಇಲ್ದಿದ್ರೆ ಹೊಸ ಎಣ್ಣೆ ಹಾಕಿದ್ಮೇಲೂ ಹಿಂಗ್ಯಾಕಾಗುತ್ತೆ?"

ಆ ಮೊದಲು ಅವನು ಅಜಾಗರೂಕನಾಗಿದ್ದ. ಈಗ ದ್ರೋಹಿಯಾದ.

ನಮ್ಮ ಮನೆಯವರು ಅಣ್ಣನಿಗೆ ಎದುರು ಹೇಳಿದವರಲ್ಲ. ಆದರೆ ಅವತ್ತು ಒಂದು ಒಳ್ಳೆಯ ಕೆಲಸ ಮಾಡಿದರು. ಬೀರೂರಿಗೆ ಹೋಗಿ, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬ ಮುದುಕರನ್ನು ಕರೆದುಕೊಂಡು ಬಂದರು. ಅವರು ಜನ್ಮದಲ್ಲಿ ಟ್ರ್ಯಾಕ್ಟರ್ ಮುಟ್ಟಿದವರಲ್ಲ, ಉಗಿಬಂಡಿಯವರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋರನ್ನ ಕರ್ಕಂಬಂದ" ಎಂದು ಭಾವನವರು ಗೊಣಗಿದರು.

ಮುದುಕರು ಎಣ್ಣೆಯನ್ನು ನೋಡಲೇ ಇಲ್ಲ. ತಂಪಾಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿಸಿ, ಸೀಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಪೈಪಿನ ಮೇಲೆ ಅಂಗೈ ಇಡುತ್ತ ಹೋದರು, ನಾಡಿ ನೋಡುವವರ ಹಾಗೆ. ಎಲ್ಲಿ ಮೊದಲು ಬಿಸಿಯಾಗುತ್ತದೆ ಎಂದು ಹುಡುಕುತ್ತಿದ್ದರು. ಲಿವರನ್ನು ಎತ್ತಿಸಿದರು, ಇಳಿಸಿದರು. ಇಳಿಸಿದರೂ ಕೂಗು ನಿಲ್ಲಲಿಲ್ಲ.

"ಇದು ಲಿವರ್ ತಪ್ಪಲ್ಲ" ಅಂದರು. "ಭಾರ ಎತ್ತದೆ ಇದ್ರೂ ಕೂಗ್ತಾ ಇದೆ. ಪಂಪು ಎಳೀತಾ ಇದೆ, ಅದಕ್ಕೆ ಎಣ್ಣೆ ಸಿಗ್ತಾ ಇಲ್ಲ. ಪರಂಗಿ ದಂಟಲ್ಲಿ ಎಳನೀರು ಹೀರ್ತೀರಲ್ಲ, ದಂಟೊಳಗೆ ಗಂಜಿ ಸಿಕ್ಕಂಡ್ರೆ ಹೆಂಗಾಗುತ್ತೆ? ಎಳೆದೂ ಎಳೆದೂ ಗಾಳಿ ಬರುತ್ತೆ, ಸದ್ದು ಬರುತ್ತೆ. ಹಂಗೇ ಇದು. ಬೆಳಿಗ್ಗೆ ಎಣ್ಣೆ ಮಂದ, ಇನ್ನೂ ಕಷ್ಟ, ಜೋರಾಗಿ ಕೂಗುತ್ತೆ. ಆಮೇಲೆ ಗಾಳಿ ಸೇರಿ ನೊರೆ ಆಗುತ್ತೆ, ನೊರೆ ತುಳಿದೂ ತುಳಿದೂ ಪಂಪು ಕಾಯುತ್ತೆ. ನೊರೆ ಇಟ್ಕಂಡು ನೇಗಿಲು ಎತ್ತೋಕಾಗುತ್ತಾ?"

"ಹಂಗಾದ್ರೆ ಕಡೂರಿನೋನು ತರೀಕೆರೆಯೋನು ಹೇಳಿದ್ದು?" ನಮ್ಮ ಮನೆಯವರು ಕೇಳಿದರು.

"ಇಬ್ರೂ ಎಣ್ಣೆ ನೋಡಿದ್ರು. ಎಣ್ಣೆ ಬರೋ ದಾರಿ ನೋಡ್ಲಿಲ್ಲ."

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ದಾರಿ ಎಂಬ ಮಾತು ಕಿವಿಗೆ ಬಿದ್ದಾಗ ಹಿಟ್ಟಿನ ಕೈಯಲ್ಲೇ ಕಿಟಕಿಯ ಸರಳು ಹಿಡಿದುಕೊಂಡೆ. ಇನ್ನೂ ಅರ್ಥವಾಗಿರಲಿಲ್ಲ. ಮುದುಕರು ಎಣ್ಣೆ ಇಳಿಸಿ, ಪಕ್ಕದ ಮುಚ್ಚಳ ಬಿಚ್ಚಿಸಿದರು. ಲಗ್ನಪತ್ರಿಕೆಯ ಕಾಗದ ಎಣ್ಣೆಯಲ್ಲಿ ತೊಯ್ದು ಈಚೆಗೆ ಬಂತು. ಆಮೇಲೆ ಅವರು ಒಳಗೆ ಕೈಹಾಕಿ, ಮೆಲ್ಲಗೆ, ನನ್ನ ಚೀಲವನ್ನು ಹೊರತೆಗೆದರು.

ಅದು ಕರ್ರಗೆ, ತೊಗಲಿನಂತೆ ಗಟ್ಟಿಯಾಗಿತ್ತು. ಪಂಪಿನ ಎಳೆತಕ್ಕೆ ಜಾಲರಿಗೆ ಕಚ್ಚಿಕೊಂಡು ಒಳಗೆ ಕುಸಿದಿತ್ತು. ಮುದುಕರು ಅದನ್ನು ಹಿಂಡಿದಾಗ ಪಂಚೆಯ ಅಂಚು ಕಾಣಿಸಿತು.

ಭಾವನವರು ಅದನ್ನು ಕಿತ್ತುಕೊಂಡು ನೋಡಿದರು. "ನಂದೇ ಪಂಚೆ!" ಅಂದರು. ಮುಖ ಕೆಂಪಾಯಿತು. "ನೋಡೋ, ನಿನ್ನ ಬಾಮೈದನ ಕೆಲಸ ನೋಡೋ! ನನ್ನ ಪಂಚೇನೇ ಕದ್ದು ಗಾಡಿ ಗಂಟಲಿಗೆ ತುರುಕಿ ಹೋಗವ್ನೆ! ಹೊಟ್ಟೆಗೆ ಹಾಕಿದ ಮನೆಗೆ ಹಿಂಗೆ ಮಾಡಿದ ಅಂತ ಪಂಚಾಯ್ತಿಗೆ ಹೇಳ್ತೀನಿ, ಅವರೂರಿಗೇ ಹೋಗಿ ಅವರಪ್ಪನ ಮುಂದೆ ಇದನ್ನ ಎಸೆದು ಬತ್ತೀನಿ!"

ಅಂಗಳದಲ್ಲಿ ಆಳುಗಳಿದ್ದರು, ಅಕ್ಕಪಕ್ಕದವರು ಸೇರಿದ್ದರು. ನಮ್ಮ ಮನೆಯವರು ತಲೆ ತಗ್ಗಿಸಿದರು. ಅತ್ತೆ ಮಾತ್ರ ಆ ಬಟ್ಟೆಯ ಅಂಚಿನ ಕೆಂಪು ದಾರವನ್ನು ನೋಡಿ, ಅಡುಗೆಮನೆಯ ಕಿಟಕಿಯ ಕಡೆ ತಿರುಗಿದರು. ಅವರಿಗೆ ಗೊತ್ತಾಗಿತ್ತು. ಅತ್ತೆಗೆ ಹೇಳಿದರೆ ಅತ್ತೆ ಭಾವನವರಿಗೆ ಹೇಳುತ್ತಾರೆ, ಅದೇ ಪದ್ಧತಿ. ಆದರೆ ಅತ್ತೆ ಬಾಯಿ ತೆರೆಯಲಿಲ್ಲ. ಸೊಸೆಯ ಮಾನವೂ ಮನೆಯ ಮಾನವೇ ಎಂದು ಸುಮ್ಮನಾದರೋ, ಏನೋ.

ನಾನು ಹೇಗೆ ಅಂಗಳಕ್ಕೆ ಬಂದೆನೋ ನೆನಪಿಲ್ಲ. ಕೈಯಲ್ಲಿ ಹಿಟ್ಟಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆಯೇ ಇತ್ತು. ಭಾವನವರ ಎದುರು, ಅವರ ಮುಖವನ್ನೇ ನೋಡುತ್ತ ನಿಂತೆ.

"ಅದು ನಾನು ಹೊಲಿದಿದ್ದು" ಅಂದೆ.

ಭಾವನವರು ಹೆದರಿದವರಂತೆ ಒಂದು ಹೆಜ್ಜೆ ಹಿಂದೆ ಹೋದರು. ಬೈಗುಳ ನಿರೀಕ್ಷಿಸಿದ್ದೆ, ಅವರು ಎತ್ತ ನೋಡಬೇಕೆಂದು ತಿಳಿಯದೆ ನೆಲ ನೋಡಿದರು. ನನಗೆ ಮಾತು ನಿಲ್ಲಲಿಲ್ಲ. ಒಂಬತ್ತು ವರ್ಷದ್ದು ಒಟ್ಟಿಗೇ ಬಂತು.

"ಧೂಳು ಹೋಗಬಾರದು ಅಂತ ನಾನೇ ಹೊಲಿದೆ. ಎಣ್ಣೆ ಬದಲಾಯಿಸಿದಾಗೆಲ್ಲ ಅವನು ಬಿಚ್ಚಿಕೊಟ್ಟ, ನಾನು ಒಗೆದುಕೊಟ್ಟೆ. ಒಗೆದಾಗ ಸರಿಹೋಗ್ತಿತ್ತು, ಕಟ್ಟಿಕೊಂಡಾಗ ಕೆಡ್ತಿತ್ತು. ಅವನು ಲಿವರ್ ಎತ್ತಿ ಬಿಡಲಿಲ್ಲ. ಪಂಚೆ ಕದಿಯಲಿಲ್ಲ. ಹೇಳಬೇಕಾಗಿದ್ದೋಳು ನಾನು. ನಿಮಗೆ ಹೇಳೋದು ಹೆಂಗೆ?"

ಅಷ್ಟು ಹೇಳಿ ಅಲ್ಲೇ ಗಾಡಿಯ ಚಕ್ರ ಹಿಡಿದುಕೊಂಡು ಅತ್ತುಬಿಟ್ಟೆ. ಅಳು ಬಂದದ್ದು ಅವಮಾನಕ್ಕಲ್ಲ. ತಿಂಗಳುಗಟ್ಟಲೆ ತಲೆ ಚಿಟ್ಟು ಹಿಡಿಸಿದ ಲೆಕ್ಕ ಒಂದೇ ಗಳಿಗೆಯಲ್ಲಿ ಬಿಡಿಸಿಕೊಂಡಿತ್ತು, ಬಿಡಿಸಿ ನೋಡಿದರೆ ಒಳಗೆ ನಾನೇ ಇದ್ದೆ.

ಬೀರೂರಿನ ಮುದುಕರು ಕೈ ಒರೆಸಿಕೊಳ್ಳುತ್ತ, "ಹೊಲಿಗೆ ಗಟ್ಟಿ ಇದೆ ತಾಯಿ. ಇಷ್ಟು ಎಳೆತಕ್ಕೂ ಒಂದು ದಾರ ಬಿಟ್ಟಿಲ್ಲ" ಅಂದರು. ಯಾರೋ ನಕ್ಕರು. ಮುದುಕರು ಬರೀ ಜಾಲರಿಯನ್ನು ತೊಳೆದು ಒಳಗಿಟ್ಟರು. ಸೋಸುವುದಿದ್ದರೆ ಡಬ್ಬದಿಂದ ತೊಟ್ಟಿಗೆ ಹಾಕುವ ಮೊದಲು ಸೋಸಿ, ಪಂಪು ಎಳೆಯುವ ಜಾಗದಲ್ಲಿ ಮಾತ್ರ ಏನನ್ನೂ ಕಟ್ಟಬೇಡಿ ಎಂದರು. ಸ್ಟಾರ್ಟ್ ಮಾಡಿದಾಗ ಕೂಗಿರಲಿಲ್ಲ. ಮಧ್ಯಾಹ್ನದವರೆಗೆ ಉತ್ತು ಬಂದ ಮೇಲೆ ನಾನೇ ಹೋಗಿ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು, ಅಷ್ಟೇ.

ಭಾವನವರು ಆ ಸಂಜೆ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಒಗೆದ ಪಂಚೆ ಉಟ್ಟು, ಯಾರಿಗೂ ಹೇಳದೆ ಅಜ್ಜಂಪುರಕ್ಕೆ ನಡೆದರು. ಅಲ್ಲಿಂದ ಬೀರೂರು, ಕಡೂರು, ಪಂಚನಹಳ್ಳಿ, ಮೂರು ಬಸ್ಸು. ಅವತ್ತೆಲ್ಲ ನಾನು ಬಾಗಿಲು ನೋಡುತ್ತಿದ್ದೆ. ಬೈಯಲು ಹೋದರೋ ಕರೆಯಲು ಹೋದರೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಹೊತ್ತು ಇಳಿಯುವಾಗ ಇಬ್ಬರೂ ಬಂದರು. ತಮ್ಮನ ಗಂಟನ್ನು ಭಾವನವರು ಹಿಡಿದಿದ್ದರು. ನಾನು ಅಭ್ಯಾಸಬಲದಿಂದ ಒಳಗೆ ಹೋಗಲು ತಿರುಗಿದೆ.

"ನಿಂತ್ಕ ತಾಯಿ" ಅಂದರು ಭಾವನವರು. ಅದೇ ಅವರು ನನಗೆ ಆಡಿದ ಮೊದಲ ಮಾತು. "ಇನ್ಮೇಲೆ ಏನಾದ್ರೂ ಹೊಲಿಯೋದಿದ್ರೆ ನಂಗೆ ಒಂದು ಮಾತು ಹೇಳಿ ಹೊಲಿ."

ಅಷ್ಟು ಹೇಳಿ ಕಾಲು ತೊಳೆಯಲು ಹೋದರು. ಅದರ ಮೇಲೆ ನಾವು ಮಾತಾಡಿದೆವು, ಹೆಚ್ಚೇನಲ್ಲ, ಬೇಕಾದಷ್ಟು.

ತಮ್ಮ ನೇರ ಗಾಡಿಯ ಹತ್ತಿರ ಹೋಗಿ ಹತ್ತಿ ಕೂತ. ಸ್ಟಾರ್ಟ್ ಮಾಡಿ ಲಿವರ್ ಎಳೆದ. ನೇಗಿಲು ಸದ್ದಿಲ್ಲದೆ ಎದ್ದಿತು. ಇಳಿಸಿದ, ಮತ್ತೆ ಎತ್ತಿದ. ನಾನು ಪಕ್ಕದಲ್ಲಿ ಹೋಗಿ ನಿಂತೆ. ಹಿತ್ತಿಲಲ್ಲಿ ಕೇಳಿದ ಪ್ರಶ್ನೆಗೆ ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು ಇನ್ನೊಂದು ಪ್ರಶ್ನೆ.

"ನಿಂಗೆ ಗೊತ್ತಿತ್ತೇನೋ, ಬಟ್ಟೆಯಿಂದಲೇ ಹಿಂಗಾಗ್ತಿದೆ ಅಂತ? ಬಿಚ್ಚಿದಾಗೆಲ್ಲ ನೋಡ್ತಿದ್ದೆಯಲ್ಲ. ಒಂದು ಸಲಾನಾದ್ರೂ ಅನುಮಾನ ಬರಲಿಲ್ಲ?"

ಅವನು ಇಂಜಿನ್ ಆರಿಸಿದ. ಲಿವರಿನ ಗುಂಡನ್ನು ಅಂಗೈಯಿಂದ ಒರೆಸಿದ.

"ನೀನು ಹೊಲಿದುಕೊಟ್ಟಿದ್ದಲ್ಲಕ್ಕ" ಅಂದ, "ಅದನ್ನ ಹೆಂಗೆ ಅನುಮಾನಿಸೋದು?"